ವಲಸಿಗರಲ್ಲಿ ಹೆಂಗಸರೇ ಹೆಚ್ಚು. ವಲಸೆ ಕಾರ್ಮಿಕರ ಲೆಕ್ಕದಲ್ಲಿ ಅವರೆಲ್ಲಿ?

ದೇಶದೊಳಗಿನ ವಲಸೆಯ ಬಗ್ಗೆ ಬರುತ್ತಿರುವ ಅಂಕಿಅಂಶಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2011ರ ಜನಗಣತಿಯಲ್ಲಿ 45.57 ಕೋಟಿಯಷ್ಟಿದ್ದ ವಲಸಿಗರು 2023ರ ಹೊತ್ತಿಗೆ 40.20 ಕೋಟಿಗೆ ಇಳಿದಿದ್ದಾರೆ ಎಂದು ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯ ಅಧ್ಯಯನವೊಂದು 2024ರ ಡಿಸೆಂಬರ್‌ನಲ್ಲಿ ಅಂದಾಜು ಮಾಡಿತು. ಹುಟ್ಟಿದ ಊರಿನಲ್ಲೋ ಅದರ ಆಸುಪಾಸಿನಲ್ಲೋ ಬದುಕು ಸುಧಾರಿಸಿರುವುದು ಇದಕ್ಕೆ ಕಾರಣವಿರಬಹುದು ಎಂಬುದು ಅದರ ವಿವರಣೆ. ಆದರೆ ಆ 45.57 ಕೋಟಿಯಲ್ಲಿ ಸುಮಾರು 31 ಕೋಟಿ ಮಂದಿ ಹೆಂಗಸರು ಎಂಬ ಮಾತು ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಲಿಲ್ಲ. 2020–21ರ ನಿಯತಕಾಲಿಕ ಕಾರ್ಮಿಕ ಶಕ್ತಿ ಸಮೀಕ್ಷೆಯಲ್ಲಂತೂ ಅಂತರ ಇನ್ನೂ ದೊಡ್ಡದು: ಹೆಂಗಸರಲ್ಲಿ ಶೇ 47.9ರಷ್ಟು ವಲಸಿಗರು, ಗಂಡಸರಲ್ಲಿ ಶೇ 10.7.

ಹಾಗಿದ್ದರೂ ‘ವಲಸೆ ಕಾರ್ಮಿಕ’ ಎಂದೊಡನೆ ಕಣ್ಣಮುಂದೆ ಬರುವುದು ಬ್ಯಾಗು ಹೆಗಲಿಗೇರಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತ ಗಂಡಸು. ಕಾನೂನು, ಯೋಜನೆ, ಪಡಿತರ, ವಸತಿ ಎಲ್ಲವೂ ಅವನನ್ನು ನೆನೆದೇ ರೂಪುಗೊಂಡಿವೆ. ಈಗ ಮತ್ತೊಂದು ಜನಗಣತಿ ಬಂದಿದೆ. ಅದರ ಆಧಾರ ದಿನಾಂಕ 2027ರ ಮಾರ್ಚ್ 1. ವಲಸೆಗೆಂದೇ ಪ್ರತ್ಯೇಕವಾದ ರಾಷ್ಟ್ರೀಯ ಸಮೀಕ್ಷೆಯ ಯೋಜನೆಯೂ ಇದೆ. ಮುಂದಿನ ಹತ್ತು ವರ್ಷದ ನೀತಿ ನಿಲ್ಲುವುದು ಈ ಲೆಕ್ಕಗಳ ಮೇಲೆ. ಹಾಗಾಗಿ 31 ಕೋಟಿ ಹೆಂಗಸರು ಲೆಕ್ಕದಲ್ಲಿದ್ದೂ ಕಾಣದಂತಾದದ್ದು ಹೇಗೆ ಎಂಬುದನ್ನು ಈಗಲೇ ಕೇಳಬೇಕು.

ಒಂದೇ ಉತ್ತರಕ್ಕೆ ಜಾಗವಿರುವ ಪ್ರಶ್ನೆ

ಜನಗಣತಿಯಲ್ಲಿ ವಲಸಿಗರನ್ನು ಗುರುತಿಸುವ ಕ್ರಮ ಸರಳ. ಈಗಿರುವ ಊರಿಗೆ ಬರುವ ಮೊದಲು ಬೇರೆ ಊರಿನಲ್ಲಿ ವಾಸವಿದ್ದರೆ ನೀವು ವಲಸಿಗರು. ಪಕ್ಕದ ಹಳ್ಳಿಯಾದರೂ ಸರಿಯೆ, ಪಕ್ಕದ ರಾಜ್ಯವಾದರೂ ಸರಿಯೆ. ಆಮೇಲೆ ಬರುವುದು ‘ಏಕೆ ಬಂದಿರಿ?’ ಎಂಬ ಪ್ರಶ್ನೆ. 2011ರ ನಮೂನೆಯಲ್ಲಿ ಇದಕ್ಕೆ ಏಳು ಉತ್ತರಗಳಿದ್ದವು: ಕೆಲಸ, ವ್ಯಾಪಾರ, ಓದು, ಮದುವೆ, ಹುಟ್ಟಿದ ಮೇಲೆ ಸ್ಥಳಾಂತರ, ಮನೆಯವರೊಂದಿಗೆ ಬಂದದ್ದು, ಇತರೆ. ಬರೆದುಕೊಳ್ಳುವುದು ಒಂದನ್ನು ಮಾತ್ರ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ ಮದುವೆಯಾಗಿ ಇನ್ನೊಂದು ಹಳ್ಳಿಗೆ ಹೋಗುತ್ತಾಳೆ. ಅಲ್ಲಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಗಂಡನ ಜೊತೆ ಗುಳೆ ಹೊರಟು ಬೆಂಗಳೂರಿಗೆ ಬರುತ್ತಾಳೆ. ಕಟ್ಟಡದ ಕೆಲಸದಲ್ಲಿ ಅವನು ಗಾರೆ ಕಲಸಿದರೆ ಅವಳು ಇಟ್ಟಿಗೆ ಹೊರುತ್ತಾಳೆ. ಹಳ್ಳಿಯಲ್ಲಿದ್ದಾಗ ಗಣತಿದಾರರು ಬಂದಿದ್ದರೆ ಅವಳ ಕಾರಣ ‘ಮದುವೆ’. ಬೆಂಗಳೂರಿನ ಶೆಡ್ಡಿಗೆ ಬಂದರೆ ‘ಮನೆಯವರೊಂದಿಗೆ’. ಗಂಡನದು ‘ಕೆಲಸ’. ಇಬ್ಬರೂ ಹತ್ತಿದ್ದು ಒಂದೇ ಬಸ್ಸು, ಮಾಡುತ್ತಿರುವುದು ಒಂದೇ ಕಟ್ಟಡದ ಕೆಲಸ. ಅವನು ವಲಸೆ ಕಾರ್ಮಿಕನಾಗುತ್ತಾನೆ, ಅವಳು ಅವನ ಹೆಂಡತಿಯಾಗಿ ಉಳಿಯುತ್ತಾಳೆ. 2011ರ ಗಣತಿಯಲ್ಲಿ ಕೆಲಸಕ್ಕಾಗಿ ಬಂದೆ ಎಂದು ದಾಖಲಾದ ಹೆಂಗಸರು ನೂರಕ್ಕೆ ಸುಮಾರು ಇಬ್ಬರು. 2020–21ರ ಸಮೀಕ್ಷೆಯಲ್ಲಿ ವಲಸೆ ಬಂದ ಹೆಂಗಸರ ಪೈಕಿ ಶೇ 86.8ರಷ್ಟು ಮಂದಿಯ ಕಾರಣ ಮದುವೆ ಎಂದೇ ಬರೆಯಲಾಗಿದೆ.

ಈ ಉತ್ತರ ಸುಳ್ಳೇನಲ್ಲ, ಆದರೆ ಅರ್ಧ. ಊರು ಬಿಟ್ಟ ಗಳಿಗೆಯ ಕಾರಣವನ್ನು ಅದು ಹಿಡಿಯುತ್ತದೆ, ಬಂದ ಮೇಲಿನ ಬದುಕನ್ನು ಹಿಡಿಯುವುದಿಲ್ಲ.

ಟಿಕೆಟ್ಟಿನಲ್ಲಿ ಹೆಂಗಸು ಕಾಣುವುದಿಲ್ಲ

ಗಣತಿಯ ವಲಸೆ ಮಾಹಿತಿ ತಡವಾದಾಗ ಅರ್ಥಶಾಸ್ತ್ರಜ್ಞರು ಬೇರೆ ದಾರಿ ಹುಡುಕಿಕೊಂಡರು. 2016–17ರ ಆರ್ಥಿಕ ಸಮೀಕ್ಷೆ ರೈಲಿನ ಕಾಯ್ದಿರಿಸದ ಟಿಕೆಟ್ಟುಗಳ ಲೆಕ್ಕ ಹಿಡಿದು, ರಾಜ್ಯದಿಂದ ರಾಜ್ಯಕ್ಕೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಓಡಾಡುತ್ತಾರೆ ಎಂದು ಅಂದಾಜು ಮಾಡಿತು. 2024ರ ಅಧ್ಯಯನ ಇದಕ್ಕೆ ಮೊಬೈಲ್ ರೋಮಿಂಗ್ ಮಾಹಿತಿಯನ್ನೂ ಸೇರಿಸಿಕೊಂಡಿತು. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಯಾವ ತಿಂಗಳಲ್ಲಿ ಜನ ಹರಿಯುತ್ತಾರೆ ಎಂಬುದನ್ನು ತಿಳಿಯಲು ಇದು ನಿಜಕ್ಕೂ ಒಳ್ಳೆಯ ಉಪಾಯ.

ಆದರೆ ಜನರಲ್ ಬೋಗಿಯ ಟಿಕೆಟ್ಟಿನ ಮೇಲೆ ಹೆಣ್ಣೋ ಗಂಡೋ ಎಂದಿರುವುದಿಲ್ಲ. ಹಲವು ಬಡ ಮನೆಗಳಲ್ಲಿ ಇರುವುದು ಒಂದೇ ಫೋನು, ಸಿಮ್ ಗಂಡನ ಹೆಸರಿನಲ್ಲಿ. ಹೆಂಗಸರ ವಲಸೆಯಲ್ಲಿ ಬಹುಪಾಲು ಒಂದೇ ಜಿಲ್ಲೆಯೊಳಗೆ ಅಥವಾ ಒಂದೇ ರಾಜ್ಯದೊಳಗೆ ಬಸ್ಸು, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ನಡೆಯುವಂಥದ್ದು. ರೈಲಿನ ಲೆಕ್ಕಕ್ಕೆ ಅದು ಸಿಕ್ಕುವುದೇ ಇಲ್ಲ. ಹೀಗಾಗಿ ‘ವಲಸೆ ಇಳಿದಿದೆ’ ಎಂಬ ತೀರ್ಮಾನವನ್ನು ಹೆಂಗಸರ ವಲಸೆಗೂ ಹಾಗೇ ಅನ್ವಯಿಸುವುದು ಅವಸರವಾಗುತ್ತದೆ.

ಮದುವೆಯನ್ನು ವಲಸೆ ಎನ್ನಬೇಕೆ?

ಇಲ್ಲಿ ಎರಡು ಗಟ್ಟಿ ವಾದಗಳಿವೆ. ಮೊದಲನೆಯದು ಹೀಗೆ: ಮದುವೆಯಾಗಿ ಪಕ್ಕದ ಹಳ್ಳಿಗೆ ಹೋಗುವುದು ಸಾಮಾಜಿಕ ಪದ್ಧತಿ. ಹೆಣ್ಣು ಗಂಡನ ಮನೆಗೆ ಹೋಗುವ ರೂಢಿ ಇರುವವರೆಗೆ ಈ ಸಂಖ್ಯೆ ಕೋಟಿಗಟ್ಟಲೆ ಇದ್ದೇ ಇರುತ್ತದೆ. ಅದನ್ನು ದುಡಿಮೆಯ ವಲಸೆಯೊಂದಿಗೆ ಕೂಡಿಸಿದರೆ ಕೂಲಿ, ನಗರ, ಉದ್ಯೋಗಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ನೀತಿ ರೂಪಿಸುವಾಗ ಅದನ್ನು ಬದಿಗಿಡಬೇಕು. ಲೆಕ್ಕದ ಶುದ್ಧಿಯ ದೃಷ್ಟಿಯಿಂದ ಇದು ತೆಗೆದುಹಾಕುವ ಮಾತಲ್ಲ.

ಎರಡನೆಯ ವಾದ: ಹೆಣ್ಣಿನ ಬದುಕಿನಲ್ಲಿ ಮದುವೆ ಮತ್ತು ದುಡಿಮೆ ಬೇರೆ ಬೇರೆ ಖಾನೆಗಳಲ್ಲ. ಇದಕ್ಕೆ ಪುರಾವೆ ಸರ್ಕಾರದ ಅಂಕಿಅಂಶದಲ್ಲೇ ಇದೆ. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಒಂದು ಜಾಣ ಕೆಲಸ ಮಾಡಿತ್ತು. ವಲಸೆಗೆ ಮುಂಚೆ ಏನು ಮಾಡುತ್ತಿದ್ದಿರಿ, ಬಂದ ಮೇಲೆ ಏನು ಮಾಡುತ್ತಿದ್ದೀರಿ ಎಂದು ಎರಡನ್ನೂ ಕೇಳಿತ್ತು. ಹಳ್ಳಿಗಳಲ್ಲಿ ವಲಸೆ ಬಂದ ಹೆಂಗಸರ ಪೈಕಿ ಮೊದಲು ದುಡಿಯುತ್ತಿದ್ದವರು ಶೇ 20, ಬಂದ ಮೇಲೆ ಶೇ 33. ನಗರಗಳಲ್ಲಿ ಶೇ 8ರಿಂದ ಶೇ 14. ಆ ಸಮೀಕ್ಷೆಯಲ್ಲಿ ಹಳ್ಳಿಯ ಹೆಂಗಸರ ವಲಸೆಗೆ ಶೇ 91ರಷ್ಟು ಕಾರಣ ಮದುವೆ ಎಂದೇ ಇತ್ತು. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದಿಷ್ಟು: ‘ಮದುವೆ’ ಎಂದು ಬರೆಸಿದವರಲ್ಲೇ ಬಹಳ ಮಂದಿ ಹೊಸ ಊರಿನಲ್ಲಿ ಕೆಲಸಕ್ಕೆ ನಿಂತಿದ್ದಾರೆ.

ಇದು ಹೊಸ ತಿಳಿವೂ ಅಲ್ಲ. 1885ರಲ್ಲಿ ಬ್ರಿಟನ್ನಿನ ಗಣತಿ ಹಿಡಿದು ವಲಸೆಯ ನಿಯಮಗಳನ್ನು ಬರೆದ ರಾವೆನ್‌ಸ್ಟೈನ್, ಹತ್ತಿರದ ಊರುಗಳಿಗೆ ಹೋಗುವುದರಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದು ಎಂದು ತೋರಿಸಿದ್ದ. ಅವರು ಹೋಗುತ್ತಿದ್ದುದು ಮನೆಗೆಲಸಕ್ಕೆ ಮಾತ್ರವಲ್ಲ, ಕಾರ್ಖಾನೆಗಳಿಗೂ ಎಂದು ಆಗಲೇ ಗುರುತಿಸಿದ್ದ. ನನ್ನ ಮಟ್ಟಿಗೆ ಎರಡನೆಯ ವಾದವೇ ಸರಿ. ಅದಕ್ಕೆ ಅತ್ಯಂತ ಕಟುವಾದ ಸಾಕ್ಷಿ ಕಬ್ಬಿನ ಗದ್ದೆಯಲ್ಲಿದೆ.

ಒಂದು ಕೊಯ್ತಾ, ಎರಡು ಜೀವ

ಮಹಾರಾಷ್ಟ್ರದ ಬೀಡ್ ಮತ್ತು ಅದರ ಸುತ್ತಲಿನ ಬರಪೀಡಿತ ಜಿಲ್ಲೆಗಳಿಂದ ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಲಕ್ಷಗಟ್ಟಲೆ ಜನ ಕಬ್ಬು ಕಡಿಯಲು ಹೊರಡುತ್ತಾರೆ. ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಬೆಳಗಾವಿ, ಬಾಗಲಕೋಟೆಗಳಿಗೆ ಅವರ ಗ್ಯಾಂಗುಗಳು ಬರುತ್ತವೆ. ಈ ವ್ಯವಸ್ಥೆಯಲ್ಲಿ ಲೆಕ್ಕದ ಮೂಲಮಾನದ ಹೆಸರು ‘ಕೊಯ್ತಾ’. ಮರಾಠಿಯಲ್ಲಿ ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗುತ್ತಿಗೆಯ ಭಾಷೆಯಲ್ಲಿ ಒಂದು ಕೊಯ್ತಾ ಎಂದರೆ ಗಂಡ ಹೆಂಡತಿ ಸೇರಿದ ಒಂದು ಜೋಡಿ.

ಮುಕಾದಮ, ಅಂದರೆ ಕೂಲಿಗಳನ್ನು ಕರೆತರುವ ಗುತ್ತಿಗೆದಾರ, ಮುಂಗಡ ಕೊಡುವುದು ಜೋಡಿಗೆ, ಎಣಿಸಿಕೊಳ್ಳುವುದು ಗಂಡ. ಗದ್ದೆಯಲ್ಲಿ ಅವನು ಕಡಿಯುತ್ತಾ ಹೋದಂತೆ ಅವಳು ರವದಿ ಸುಲಿದು, ಕಬ್ಬು ಒಟ್ಟುಮಾಡಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸಬೇಕು. ಅದಕ್ಕೂ ಮುಂಚೆ ಕತ್ತಲಲ್ಲೇ ಎದ್ದು ನೀರು ತಂದು ರೊಟ್ಟಿ ಬಡಿದಿರಬೇಕು. ಒಂದು ದಿನ ಒಬ್ಬರು ಮಲಗಿದರೂ ಜೋಡಿಯ ಕೆಲಸ ನಿಲ್ಲುತ್ತದೆ, ದಂಡ ಮುಂಗಡದ ಲೆಕ್ಕಕ್ಕೆ ಸೇರುತ್ತದೆ, ಸಾಲ ಮುಂದಿನ ಹಂಗಾಮಿಗೆ ದಾಟುತ್ತದೆ.

ಈಗ ಇದಕ್ಕೆ ಮುಟ್ಟನ್ನು ಸೇರಿಸಿ ನೋಡಬೇಕು. ಗದ್ದೆಯಲ್ಲಿ ಶೌಚಾಲಯವಿಲ್ಲ, ಜೋಪಡಿಯಲ್ಲಿ ನೀರಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ. ಸೋಂಕು ಬರುತ್ತದೆ, ಹೊಟ್ಟೆನೋವು ಬರುತ್ತದೆ, ರಜೆ ಹಾಕಿದರೆ ದಂಡ. ಖಾಸಗಿ ಆಸ್ಪತ್ರೆಗೆ ಹೋದರೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆಸಿಬಿಡಿ ಎನ್ನುವ ಸಲಹೆ. 2019ರಲ್ಲಿ ಈ ಸುದ್ದಿ ಹೊರಬಿದ್ದಾಗ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಬೀಡ್ ಜಿಲ್ಲೆಯಲ್ಲಿ ಸಮೀಕ್ಷೆಗೆ ಒಳಪಟ್ಟ 82,309 ಮಹಿಳೆಯರಲ್ಲಿ 13,861 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ನೂರಕ್ಕೆ ಸುಮಾರು ಹದಿನೇಳು. ಕಾರಣದ ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅದು ಮುಟ್ಟುವುದು ಜೋಡಿ ಲೆಕ್ಕದ ಗುತ್ತಿಗೆಯನ್ನು. ಹೆಂಡತಿಗೆ ಪ್ರತ್ಯೇಕ ಕೂಲಿಯಿಲ್ಲ, ಪ್ರತ್ಯೇಕ ಹಾಜರಿಯಿಲ್ಲ, ಆದ್ದರಿಂದ ಪ್ರತ್ಯೇಕ ರಜೆಯೂ ಇಲ್ಲ.

ಇದೇ ಲೆಕ್ಕ ಇನ್ನೊಂದು ಕಡೆಗೂ ಎಳೆಯುತ್ತದೆ. ಒಂಟಿ ಗಂಡಸಿಗಿಂತ ಜೋಡಿಗೆ ಮುಂಗಡ ಹೆಚ್ಚು. ಬೆಳೆದ ಮಗಳನ್ನು ಊರಲ್ಲಿ ಒಬ್ಬಳೇ ಬಿಟ್ಟು ಆರು ತಿಂಗಳು ಹೋಗುವ ಅಂಜಿಕೆ ತಾಯಿತಂದೆಗೆ. ಎರಡೂ ಕೂಡಿದಾಗ ಹುಡುಗಿಯ ಮದುವೆ ಬೇಗ ನಡೆಯುತ್ತದೆ, ಹಂಗಾಮಿನ ಹೊತ್ತಿಗೆ ಒಂದು ಹೊಸ ಕೊಯ್ತಾ ಹೊರಡುತ್ತದೆ. ಇಲ್ಲಿ ಮದುವೆಯೇ ಕೆಲಸದ ಷರತ್ತು. ಗಣತಿಯ ನಮೂನೆ ಇವಳನ್ನು ‘ಮದುವೆ’ಗೆ ಬರೆದುಕೊಳ್ಳಬೇಕೋ ‘ಕೆಲಸ’ಕ್ಕೋ?

ಒಬ್ಬಳೇ ಹೊರಟರೆ

ಹೆಂಗಸು ತಾನೇ ದುಡಿಮೆ ಹುಡುಕಿಕೊಂಡು ಹೊರಡುವ ವಲಸೆ ಬೇರೆ ಬಗೆಯದು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಚ್ಚಿನವರು ಹೆಂಗಸರು. ರಾಜ್ಯದ ಹಳ್ಳಿಗಳಿಂದ ಬಂದವರ ಜೊತೆಗೆ ಒಡಿಶಾ, ಜಾರ್ಖಂಡ್, ಅಸ್ಸಾಂಗಳಿಂದ ತರಬೇತಿ ಕೊಡಿಸಿ ಕರೆತಂದ ಹುಡುಗಿಯರೂ ಇದ್ದಾರೆ. ಇವರಲ್ಲಿ ಎಷ್ಟೋ ಮಂದಿಗೆ ಅದು ತಮ್ಮ ಕೈಗೆ ಬಂದ ಮೊದಲ ಸಂಬಳ. ಊರಿಗೆ ಹಣ ಕಳಿಸುವವಳ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ, ಮದುವೆಯನ್ನು ಎರಡು ವರ್ಷ ಮುಂದೂಡುವ ಧೈರ್ಯ ಬರುತ್ತದೆ. ವಲಸೆ ಎಂದರೆ ಹೆಣ್ಣಿಗೆ ಬರೀ ಸಂಕಟ ಎಂದು ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಆದರೆ ಆ ಬಿಡುಗಡೆಗೆ ಬೀಗವೂ ಇದೆ. ಕಂಪನಿಗಳು ನಡೆಸುವ ಹಲವು ಹಾಸ್ಟೆಲ್‌ಗಳಲ್ಲಿ ವಾರಕ್ಕೊಮ್ಮೆ ಕೆಲವು ಗಂಟೆ ಮಾತ್ರ ಹೊರಗೆ ಬಿಡುತ್ತಾರೆ. ಸುರಕ್ಷತೆಗಾಗಿ ಎನ್ನುತ್ತದೆ ಆಡಳಿತ. ಬೀಗ ಇದೆ ಎಂಬ ಭರವಸೆಯ ಮೇಲೆಯೇ ತಾಯಿತಂದೆ ಮಗಳನ್ನು ಕಳಿಸಿರುತ್ತಾರೆ ಎಂಬುದೂ ನಿಜ. ಕಾರ್ಮಿಕ ಸಂಘಟನೆಗಳು ಬೇರೆಯೇ ಹೇಳುತ್ತವೆ: ವಯಸ್ಕಳಾದ ಕೆಲಸಗಾರ್ತಿಯನ್ನು ಕೂಡಿಹಾಕಿದರೆ ಬೇರೆ ಕೆಲಸ ವಿಚಾರಿಸುವ, ಸಂಘ ಸೇರುವ, ಟಾರ್ಗೆಟ್ ಹೆಸರಿನಲ್ಲಿ ಬೈಯುವ ಸೂಪರ್‌ವೈಸರ್ ವಿರುದ್ಧ ದೂರು ಕೊಡುವ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಸುರಕ್ಷತೆಯ ಭಾರವನ್ನು ಬೀದಿದೀಪ, ಬಸ್ಸು, ಪೊಲೀಸರ ಮೇಲೆ ಹೊರಿಸುವ ಬದಲು ಹುಡುಗಿಯ ಓಡಾಟದ ಮೇಲೆ ಹೊರಿಸಿದ್ದೇ ಇಲ್ಲಿನ ತಪ್ಪು. ಇದೇ ನೆವದಲ್ಲಿ ಯಾರೂ ಗಂಡು ವಲಸಿಗರ ಕೋಣೆಗೆ ಬೀಗ ಹಾಕುವುದಿಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡ ಹೋರಾಟವನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ನಿಯಮ ಒಂದೇ ಊರಿನಲ್ಲಿ, ಒಂದೇ ಕೆಲಸದಲ್ಲಿ ನಿವೃತ್ತಿಯವರೆಗೆ ಉಳಿಯುವ ಗಂಡಸನ್ನು ಕಲ್ಪಿಸಿಕೊಂಡಿತ್ತು. ಹೆರಿಗೆ, ಮಕ್ಕಳ ಓದು, ಅತ್ತೆಯ ಕಾಯಿಲೆ ಎಂದು ನಡುನಡುವೆ ಕೆಲಸ ಬಿಟ್ಟು ಊರಿಗೆ ಹೋಗಿಬರುವ ಹೆಣ್ಣಿಗೆ ಪಿಎಫ್ ಎಂದರೆ ಕೆಲಸ ಬಿಟ್ಟಾಗ ಕೈಗೆ ಸಿಗುವ ಗಂಟು.

ಊರಲ್ಲೇ ಉಳಿದವಳು

ಗಂಡನೊಬ್ಬನೇ ಹೋದ ಮನೆಗಳಲ್ಲಿ ಹೆಂಡತಿ ಎಲ್ಲಿಗೂ ಹೋಗದೆಯೇ ವಲಸೆಯ ಭಾರ ಹೊರುತ್ತಾಳೆ. ಬಿತ್ತನೆ, ದನಕರು, ವಯಸ್ಸಾದವರು, ಸಾಲದವರ ಮಾತು ಎಲ್ಲವೂ ಅವಳ ಪಾಲಿಗೆ. ಆದರೆ ಪಹಣಿಯಲ್ಲಿ ಅವಳ ಹೆಸರಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ಸುಮಾರು ಶೇ 14. ಪಹಣಿ ಇಲ್ಲದೆ ಬೆಳೆಸಾಲವಿಲ್ಲ, ಪಿಎಂ ಕಿಸಾನ್ ಹಣವೂ ಜಮೀನಿನ ಒಡೆಯನಿಗೇ. ಬೇಸಾಯ ಅವಳದು, ರೈತ ಅವನು.

ವಿಳಾಸಕ್ಕೆ ಅಂಟಿದ ಹಕ್ಕು

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ವ್ಯಾಖ್ಯೆ ದೊಡ್ಡದಾಗಿದೆ. ಗುತ್ತಿಗೆದಾರ ಕರೆತಂದವರು ಮಾತ್ರವಲ್ಲದೆ ತಾವಾಗಿ ಬಂದವರೂ ಈಗ ಅದರೊಳಗಿದ್ದಾರೆ. ಇದು ಒಳ್ಳೆಯ ಹೆಜ್ಜೆ. ಆದರೆ ಅಂಥ ಕಾರ್ಮಿಕರು ಕನಿಷ್ಠ ಹತ್ತು ಮಂದಿ ಇರುವ ಕಡೆಗೆ ಮಾತ್ರ ಆ ನಿಯಮಗಳು ಅನ್ವಯ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಈ ಮಿತಿ ಐದಿತ್ತು. ಮನೆಗೆಲಸ ‘ಉದ್ದಿಮೆ’ಯ ವ್ಯಾಖ್ಯೆಯ ಹೊರಗೇ ಉಳಿದಿದೆ. ರಾಯಚೂರಿನಿಂದ ಬೆಂಗಳೂರಿಗೆ ಬಂದವಳು ರಾಜ್ಯದ ಗಡಿ ದಾಟಿಲ್ಲ. ಮನೆಗೆಲಸ, ಸಣ್ಣ ಕಟ್ಟಡಗಳು, ರಾಜ್ಯದೊಳಗಿನ ಗುಳೆ: ಬಿಟ್ಟುಹೋದ ಈ ಮೂರೂ ಜಾಗಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೂಸಿನ ಮನೆಯೂ ಹೀಗೆಯೇ. ಐವತ್ತು ಕೆಲಸಗಾರರಿರುವ ಕಡೆ ಅದು ಕಡ್ಡಾಯ. ಹದಿನೈದು ಜನರಿರುವ ಸೈಟಿನಲ್ಲಿ ಮಗು ಮರಳ ರಾಶಿಯ ಪಕ್ಕದಲ್ಲೇ ಮಲಗುತ್ತದೆ.

ರಾಜ್ಯದ ಯೋಜನೆಗಳಲ್ಲೂ ಇದೇ ಎಳೆ ಕಾಣುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ, ಊರಿಗೂ ನಗರಕ್ಕೂ ಓಡಾಡುವ ರಾಜ್ಯದ ಹೆಂಗಸಿಗೆ ನಿಜವಾದ ಬಲ ಕೊಟ್ಟಿದೆ. ಹಬ್ಬಕ್ಕೋ ಹೆರಿಗೆಗೋ ಊರಿಗೆ ಹೋಗಲು ಗಂಡನ ಹತ್ತಿರ ಬಸ್ ಚಾರ್ಜಿಗೆ ಕೈಯೊಡ್ಡಬೇಕಿಲ್ಲ. ಆದರೆ ಕರ್ನಾಟಕದ ವಿಳಾಸವಿಲ್ಲದ ಒಡಿಶಾದ ಹುಡುಗಿ ಅದೇ ಬಸ್ಸಿನಲ್ಲಿ ಟಿಕೆಟ್ ಕೊಳ್ಳಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿರುವ ಯಜಮಾನಿಗೆ. ಚೀಟಿ ಊರಿನಲ್ಲಿ ಅತ್ತೆಯ ಹೆಸರಿನಲ್ಲಿದ್ದರೆ ಬೆಂಗಳೂರಿನ ಶೆಡ್ಡಿನಲ್ಲಿ ಸಂಸಾರ ತೂಗಿಸುವ ಸೊಸೆಗೆ ಅದು ಮುಟ್ಟುವುದಿಲ್ಲ.

ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ಗದ್ದಲದ ಒಳಗೂ ಈ ಪ್ರಶ್ನೆ ಇದೆ. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ 65 ಲಕ್ಷ ಹೆಸರುಗಳು ಹೊರಗುಳಿದವು. ಅವರಲ್ಲಿ ಸುಮಾರು 36 ಲಕ್ಷ ಮಂದಿಯನ್ನು ‘ಶಾಶ್ವತವಾಗಿ ಸ್ಥಳಾಂತರ ಅಥವಾ ಪತ್ತೆಯಿಲ್ಲ’ ಎಂದು ಗುರುತಿಸಲಾಗಿತ್ತು. 2003ರ ಪಟ್ಟಿಯಲ್ಲಿ ಸ್ವಂತ ಹೆಸರೋ ತಾಯಿತಂದೆಯ ಹೆಸರೋ ಇದ್ದರೆ ದಾಖಲೆಯ ಕೆಲಸ ಹಗುರ. ಗಂಡಸಿಗೆ ಅದು ಸಾಮಾನ್ಯವಾಗಿ ಅದೇ ಊರಿನ ಪಟ್ಟಿ. ಮದುವೆಯಾಗಿ ಬಂದವಳು ತವರಿನ ಕ್ಷೇತ್ರದ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕಬೇಕು. ನಿಯಮ ಇಬ್ಬರಿಗೂ ಒಂದೇ, ನಡೆಯಬೇಕಾದ ದೂರ ಬೇರೆ.

ಹೊಸ ಲೆಕ್ಕ ಬದಲಿಸಬಹುದಾದದ್ದು

ನಮೂನೆ ಹಳೆಯದರಂತೆಯೇ ಇದ್ದರೆ ಫಲಿತಾಂಶವನ್ನು ಈಗಲೇ ಹೇಳಬಹುದು: ಹೆಂಗಸರ ವಲಸೆಗೆ ಕಾರಣ ಮದುವೆ, ಆದ್ದರಿಂದ ನಗರದ ಬಾಡಿಗೆ ವಸತಿ, ಕೂಸಿನ ಮನೆ, ಕಾರ್ಮಿಕರ ನೋಂದಣಿಗಳ ಗುರಿ ಮತ್ತೆ ಗಂಡಸಿನ ಸಂಖ್ಯೆಗೆ ಹೊಂದಿಕೊಳ್ಳುತ್ತದೆ. ಬದಲಾವಣೆಗೆ ದೊಡ್ಡ ಖರ್ಚೇನೂ ಬೇಡ. ಒಂದರ ಬದಲು ಎರಡು ಕಾರಣ ಬರೆದುಕೊಳ್ಳುವುದು, 2007–08ರಂತೆ ಹಿಂದಿನ ಮತ್ತು ಈಗಿನ ಕೆಲಸ ಎರಡನ್ನೂ ಕೇಳುವುದು, ಉತ್ತರವನ್ನು ಸಾಧ್ಯವಾದಷ್ಟೂ ಅವಳಿಂದಲೇ ಪಡೆಯುವುದು. ಮನೆಯ ಯಜಮಾನ ಬಾಗಿಲಲ್ಲಿ ನಿಂತು ಎಲ್ಲರ ಪರವಾಗಿ ಹೇಳಿದಾಗ ‘ಅವಳಾ? ಮನೇಲಿರ್ತಾಳೆ’ ಎಂಬ ಮಾತಿನಲ್ಲೇ ಎಷ್ಟೋ ದುಡಿಮೆ ಅಳಿಸಿಹೋಗುತ್ತದೆ.

ಎಣಿಸುವ ಹೊತ್ತೂ ಮುಖ್ಯ. ಜನಸಂಖ್ಯೆಯ ಎಣಿಕೆ ನಡೆಯಬೇಕಿರುವುದು 2027ರ ಫೆಬ್ರವರಿಯಲ್ಲಿ. ಕಬ್ಬಿನ ಹಂಗಾಮು ಇನ್ನೂ ಮುಗಿದಿರುವುದಿಲ್ಲ. ಬೆಳಗಾವಿ ಜಿಲ್ಲೆಯ ಗದ್ದೆಯಂಚಿನ ಜೋಪಡಿಗೆ ಗಣತಿದಾರರು ಬೆಳಿಗ್ಗೆ ಹತ್ತಕ್ಕೆ ಹೋದರೆ ಸಿಗುವುದು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡ ಎಂಟು ವರ್ಷದ ಹುಡುಗಿ ಮಾತ್ರ. ಅವಳ ತಾಯಿ ಸಿಗಬೇಕೆಂದರೆ ಹೊರೆ ಇಳಿಸಿ, ಒಲೆ ಹಚ್ಚುವ ಹೊತ್ತಿಗೆ ಹೋಗಬೇಕು.